ಸ್ಟೇರಿಂಗಿನ ‘ಆಟ’ ಆಟವಲ್ಲ

2023ರ ದಸರಾ ರಜೆ. ಆಯುಧಪೂಜೆಗೆ ಇನ್ನೊಂದು ವಾರವಿತ್ತು. ಚಾಮರಾಜಪುರಂನ ನಮ್ಮ ಬೀದಿಯಲ್ಲಿ ಆಗಲೇ ಬಕೆಟ್ಟು, ಹಳೆಯ ಬನಿಯನ್ನು ಹಿಡಿದು ಗಾಡಿ ತೊಳೆಯುವ ಸಂಭ್ರಮ ಶುರುವಾಗಿತ್ತು. ನಾನೂ ನಮ್ಮ 1999ರ ಮಾರುತಿ 800ಕ್ಕೆ ನೀರು ಹೊಯ್ಯುತ್ತಿದ್ದೆ. ಆಗ ಒಂಬತ್ತನೇ ತರಗತಿಯಲ್ಲಿದ್ದ ಮಗಳು ಮುಂದಿನ ಬಲಗಡೆಯ ಚಕ್ರ ಉಜ್ಜುತ್ತಿದ್ದವಳು ತಟ್ಟನೆ ಕೇಳಿದಳು: ‘ಅಪ್ಪಾ, ಈ ಟಯರು ಒಂದೇ ಪಕ್ಕ ಯಾಕೆ ಸವೆದಿದೆ?’

ನೋಡಿದೆ. ಟಯರಿನ ಒಳಅಂಚು ಬೋಳಾಗಿತ್ತು, ಹೊರಅಂಚಿನಲ್ಲಿ ಗೆರೆಗಳು ಇನ್ನೂ ಆಳವಾಗಿದ್ದವು. ತಿಂಗಳಿಂದ ಗುಂಡಿಗೆ ಇಳಿದಾಗಲೆಲ್ಲ ಮುಂದಿನಿಂದ ‘ಟಕ್’ ಎಂಬ ಶಬ್ದ ಬರುತ್ತಿದ್ದುದು ನೆನಪಾಯಿತು. ‘ನಮ್ಮ ರಸ್ತೆಗಳೇ ಹಾಗೆ’ ಎಂದು ನಾನೇ ಸಮಾಧಾನ ಹೇಳಿಕೊಂಡಿದ್ದೆ. ಹಳೆಯ ಕಾರು ಇಟ್ಟುಕೊಂಡವರಿಗೆ ಶಬ್ದಗಳು ಮನೆಯ ಗಡಿಯಾರದ ಹಾಗೆ. ಕಿವಿಗೆ ಬಿದ್ದರೂ ಕೇಳಿಸುವುದಿಲ್ಲ.

ಆ ಪ್ರಶ್ನೆಯಿಂದ ಶುರುವಾದದ್ದು ಮೂರು ದಿನದ ಕೆಲಸ. ಅದರಲ್ಲಿ ಸ್ವಲ್ಪ ಭೌತಶಾಸ್ತ್ರವಿದೆ, ಸ್ವಲ್ಪ ಗಣಿತವಿದೆ, ನನಗೆ ಆದ ನಾಚಿಕೆಯೂ ಇದೆ. ಮನೆಯಲ್ಲಿ ಹಳೆಯ ಕಾರು ಇರುವ ತಂದೆ ತಾಯಂದಿರಿಗೂ, ‘ವಿಜ್ಞಾನ ಓದಿ ಏನು ಪ್ರಯೋಜನ?’ ಎಂದು ಕೇಳುವ ವಿದ್ಯಾರ್ಥಿಗಳಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಆಟ ಎಲ್ಲಿದೆ?

ಸ್ಟೇರಿಂಗ್ ತಿರುಗಿಸಿದರೂ ಚಕ್ರ ತಿರುಗದ ಸ್ವಲ್ಪ ಜಾಗ ಎಲ್ಲ ಕಾರಿನಲ್ಲೂ ಇರುತ್ತದೆ. ಮೆಕ್ಯಾನಿಕ್‌ಗಳು ಇದಕ್ಕೆ ‘ಪ್ಲೇ’ ಎನ್ನುತ್ತಾರೆ. ‘ಸ್ಟೇರಿಂಗ್ ಆಟ ಬಂದಿದೆ’ ಎಂದೂ ಹೇಳುವುದುಂಟು. ಕೀಲುಗಳು ಸವೆದಂತೆಲ್ಲ ಈ ಆಟ ಹೆಚ್ಚುತ್ತದೆ.

ಆಟವನ್ನು ಅಳೆಯಲು ಯಂತ್ರವೇನೂ ಬೇಡ. ಕಾರನ್ನು ಸಮತಟ್ಟಾದ ನೆಲದಲ್ಲಿ, ಚಕ್ರಗಳು ನೇರವಾಗಿರುವಂತೆ ನಿಲ್ಲಿಸಿದೆವು. ಸ್ಟೇರಿಂಗಿನ ಬೀಗ ಬಿಡುವಷ್ಟು ಮಾತ್ರ ಕೀಲಿ ತಿರುಗಿಸಿದೆ, ಎಂಜಿನ್ ಚಾಲೂ ಮಾಡಲಿಲ್ಲ. ಸ್ಟೇರಿಂಗ್ ಚಕ್ರದ ಅಂಚಿಗೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ, ಎದುರಿಗೆ ಮಗಳ ಸ್ಕೇಲು ಹಿಡಿದೆ. ಮಗಳು ಹೊರಗೆ ಕುಳಿತು ಮುಂದಿನ ಟಯರನ್ನೇ ದಿಟ್ಟಿಸಿದಳು. ಒಂದು ಕಡೆಯ ಆಟವನ್ನೆಲ್ಲ ಮುಗಿಸಿ, ಅಲ್ಲಿಂದ ಮತ್ತೊಂದು ಕಡೆಗೆ ಬೆರಳಲ್ಲಿ ಮೆಲ್ಲಗೆ ತಿರುಗಿಸುತ್ತ ಹೋದೆ. ಟಯರು ಅಲುಗಿದ ಕ್ಷಣ ಅವಳು ‘ಹೂಂ’ ಎನ್ನಬೇಕು, ನಾನು ಸ್ಕೇಲು ಓದಬೇಕು.

ಎಡ ಚಕ್ರಕ್ಕೆ 20 ಮಿ.ಮೀ. ಬಂತು. ಬಲ ಚಕ್ರಕ್ಕೆ 58 ಮಿ.ಮೀ.! ಮೂರು ಸಲ ಅಳೆದೆವು. ಒಂದೆರಡು ಮಿ.ಮೀ. ಆಚೀಚೆ ಅಷ್ಟೆ.

ಈಗ ಇಲ್ಲೊಂದು ಸ್ವಾರಸ್ಯವಿದೆ. ಸ್ಟೇರಿಂಗ್ ಒಂದೇ, ಅದರ ಕಂಬ ಒಂದೇ, ಹಲ್ಲುಗಳಿರುವ ಪೆಟ್ಟಿಗೆ ಒಂದೇ. ಅಲ್ಲಿ ಸವೆತವಿದ್ದರೆ ಎರಡು ಚಕ್ರಗಳಿಗೂ ಸಮನಾಗಿ ತೋರಬೇಕು. ಬಲ ಚಕ್ರಕ್ಕೆ ಮಾತ್ರ 38 ಮಿ.ಮೀ. ಹೆಚ್ಚಿಗೆ ಬಂದಿದೆಯೆಂದರೆ ಕಳ್ಳ ಬಲಗಡೆಯೇ, ಪೆಟ್ಟಿಗೆಯಿಂದ ಆಚೆಗೇ ಇರಬೇಕು. ಒಂದು ಬೋಲ್ಟನ್ನೂ ಬಿಚ್ಚದೆ ಅರ್ಧ ರೋಗನಿದಾನ ಆದಂತಾಯಿತು.

ಮಾರುತಿ 800ರಲ್ಲಿ ಇರುವುದು ‘ರ‍್ಯಾಕ್ ಅಂಡ್ ಪಿನಿಯನ್’ ಸ್ಟೇರಿಂಗ್. ಸ್ಟೇರಿಂಗ್ ಕಂಬದ ತುದಿಯಲ್ಲಿ ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರ, ಅದು ಕಚ್ಚಿಕೊಂಡಿರುವುದು ರ‍್ಯಾಕ್ ಎಂಬ ಹಲ್ಲುಗಳ ಉದ್ದ ಸಲಾಕೆಯನ್ನು. ಸ್ಟೇರಿಂಗ್ ತಿರುಗಿದರೆ ಸಲಾಕೆ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಅದರ ಎರಡು ತುದಿಗೂ ಒಂದೊಂದು ಟೈ ರಾಡ್. ಟೈ ರಾಡಿನ ಕೊನೆಗೆ ಒಂದು ಕೀಲು, ಅದೇ ‘ಟೈ ರಾಡ್ ಎಂಡ್’. ಆ ಕೀಲು ಚಕ್ರದ ಗೆಣ್ಣಿಗೆ ಸೇರಿದ ಸ್ಟೇರಿಂಗ್ ಆರ್ಮ್ ಎಂಬ ಸಣ್ಣ ತೋಳನ್ನು ತಳ್ಳುತ್ತದೆ ಅಥವಾ ಎಳೆಯುತ್ತದೆ. ಚಕ್ರ ತಿರುಗುತ್ತದೆ.

ನಮ್ಮ ಕಾರಿನಲ್ಲಿ ಸ್ಟೇರಿಂಗನ್ನು ಒಂದು ಪೂರ್ತಿ ಸುತ್ತು ತಿರುಗಿಸಿದರೆ ರಾಡು ಸುಮಾರು 35 ಮಿ.ಮೀ. ಸರಿಯುತ್ತದೆ; ಅಳೆದು ನೋಡಿದೆವು. ಸ್ಟೇರಿಂಗಿನ ವ್ಯಾಸ 38 ಸೆಂ.ಮೀ., ಅಂದರೆ ಒಂದು ಸುತ್ತಿಗೆ ನಮ್ಮ ಕೈ ಸುಮಾರು 1,194 ಮಿ.ಮೀ. ಚಲಿಸುತ್ತದೆ. 1,194ನ್ನು 35ರಿಂದ ಭಾಗಿಸಿದರೆ 34. ಇದು ಸನ್ನೆಕೋಲಿನ ಲೆಕ್ಕವೇ. ಕೈ 34 ಪಾಲು ಓಡಾಡಿ ರಾಡನ್ನು ಒಂದು ಪಾಲು ಸರಿಸುತ್ತದೆ, ಅದಕ್ಕೆ ಪ್ರತಿಯಾಗಿ ನಮ್ಮ ಬಲ ಅಲ್ಲಿ ಹಲವು ಪಟ್ಟು ಆಗುತ್ತದೆ. ಅದೇ ಲೆಕ್ಕವನ್ನು ಹಿಂದುಮುಂದು ಮಾಡಿದರೆ, ಕೀಲಿನಲ್ಲಿ 1 ಮಿ.ಮೀ. ಸವೆತವಿದ್ದರೆ ಕೈಗೆ 34 ಮಿ.ಮೀ. ಆಟ ಸಿಗುತ್ತದೆ. ನಮಗೆ ಸಿಕ್ಕಿದ ಹೆಚ್ಚುವರಿ 38 ಮಿ.ಮೀ. ಅಂದರೆ ಕೀಲಿನಲ್ಲಿ ಸುಮಾರು 1.1 ಮಿ.ಮೀ. ಸಡಿಲ!

ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಪರೀಕ್ಷೆ ಮಾಡಿದೆವು. ಮಗಳು ಸ್ಟೇರಿಂಗನ್ನು ಎಡಬಲಕ್ಕೆ ಸ್ವಲ್ಪ ಸ್ವಲ್ಪವೇ ಅಲುಗಾಡಿಸಿದಳು. ನಾನು ಚಕ್ರದ ಪಕ್ಕದಿಂದ ಕೈ ಹಾಕಿ ಬಲಗಡೆಯ ಕೀಲನ್ನು ಬೆರಳಲ್ಲಿ ಮುಟ್ಟಿದೆ. ನಾಡಿ ಹಿಡಿದಂತೆ ‘ಟಕ್, ಟಕ್’ ಎಂದು ಬೆರಳಿಗೆ ಬಡಿಯಿತು. ಎಡಗಡೆಯದು ಮೌನವಾಗಿತ್ತು.

ಹೆಗಲಿನ ಕೀಲು, ಚಕ್ರದ ಕೀಲು

ನಮ್ಮ ಹೆಗಲಲ್ಲೂ ಸೊಂಟದಲ್ಲೂ ಇರುವ ಚೆಂಡು-ಗುಣಿ ಕೀಲಿನ ಬಗ್ಗೆ ಮಕ್ಕಳು ಶಾಲೆಯಲ್ಲಿ ಓದಿರುತ್ತಾರೆ. ಟೈ ರಾಡ್ ಎಂಡ್ ಎಂಬುದು ಅದರದೇ ಉಕ್ಕಿನ ನಕಲು. ಉಕ್ಕಿನ ಗುಂಡು, ಅದು ಕೂರುವ ಬಟ್ಟಲು, ನಡುವೆ ಗ್ರೀಸು, ಮೇಲೆ ರಬ್ಬರಿನ ಟೋಪಿ. ಚಕ್ರ ಗುಂಡಿಯಲ್ಲಿ ಮೇಲೆ ಕೆಳಗೆ ಹಾರಿದರೂ, ಎಡಬಲಕ್ಕೆ ತಿರುಗಿದರೂ ರಾಡು ಮುರಿಯದೆ ಹೊಂದಿಕೊಳ್ಳುವುದು ಈ ಗುಂಡಿನಿಂದ. ನಮ್ಮ ಕೀಲಿನಲ್ಲಿ ಜಾರುವ ದ್ರವವಿದೆ, ಅದನ್ನು ಹಿಡಿದಿಡುವ ಚೀಲವಿದೆ. ಇಲ್ಲಿ ಗ್ರೀಸು ಮತ್ತು ರಬ್ಬರು ಆ ಕೆಲಸ ಮಾಡುತ್ತವೆ.

ವ್ಯತ್ಯಾಸ ಒಂದೇ. ನಮ್ಮ ದೇಹ ತನ್ನ ದ್ರವವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕಾರಿಗೆ ಆ ಭಾಗ್ಯವಿಲ್ಲ. ರಬ್ಬರಿನ ಟೋಪಿ ಬಿರುಕು ಬಿಟ್ಟರೆ ಮಳೆನೀರು, ಧೂಳು, ಮರಳು ಒಳಗೆ ಹೋಗುತ್ತವೆ. ಗ್ರೀಸಿನ ಜೊತೆ ಬೆರೆತ ಮರಳು ಉಪ್ಪುಕಾಗದದಂತೆ ಗುಂಡನ್ನು ಉಜ್ಜಿ ತಿನ್ನುತ್ತದೆ. ಕೆಲವು ರೂಪಾಯಿಯ ರಬ್ಬರು ಹರಿದದ್ದೇ ಉಕ್ಕು ಸವೆಯಲು ಕಾರಣ. ನಮ್ಮ ಕಾರಿನಲ್ಲೂ ಆದದ್ದು ಅದೇ.

ಹಳೆಯ ಕಾರುಗಳೆಲ್ಲ ಒಂದೇ ತರಹ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಮಾರುತಿ 800ರ ಮೊದಲ ಕಾರು ಮಾಲೀಕರ ಕೈಸೇರಿದ್ದು 1983ರ ಡಿಸೆಂಬರ್ 14ರಂದು. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅದಕ್ಕೂ ಹಿಂದಿನ ಅಂಬಾಸಿಡರ್ ಕೂಡ, ತನ್ನ ಮೂಲವಾದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನಂತೆ, ರ‍್ಯಾಕ್ ಅಂಡ್ ಪಿನಿಯನ್ ಗಾಡಿಯೇ. ಪ್ರೀಮಿಯರ್ ಪದ್ಮಿನಿಯದು ಬೇರೆ ದಾರಿ. ಅದರಲ್ಲಿ ಸ್ಟೇರಿಂಗ್ ಬಾಕ್ಸ್, ಅಲ್ಲಿಂದ ಹಲವು ರಾಡುಗಳು, ಹಲವು ಕೀಲುಗಳು. ಕೀಲು ಹೆಚ್ಚಿದಷ್ಟೂ ಆಟ ಕೂಡಿಕೊಳ್ಳುತ್ತ ಹೋಗುತ್ತದೆ. ಒಂದೊಂದರಲ್ಲಿ ಅರ್ಧ ಮಿ.ಮೀ. ಸವೆದರೂ ಒಟ್ಟಿನಲ್ಲಿ ದೊಡ್ಡದಾಗುತ್ತದೆ. ಪದ್ಮಿನಿ ಇಟ್ಟುಕೊಂಡವರು ಒಂದು ಕೀಲು ಬದಲಿಸಿ ‘ಇನ್ನೂ ಆಟ ಹೋಗಲಿಲ್ಲ’ ಎಂದು ಬೇಸರಪಡುವುದು ಇದರಿಂದಲೇ.

ಬಿಚ್ಚುವ ಮೊದಲು

ನಮ್ಮ ಬೀದಿಯ ತುದಿಯಲ್ಲಿ, ಸಾರಿಗೆ ಬಸ್ಸುಗಳ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ‘ನಾನೇ ಬದಲಾಯಿಸಬೇಕು ಅಂತಿದೀನಿ, ಜೊತೆಗೆ ಇರ್ತೀರಾ?’ ಎಂದು ಕೇಳಿದೆ. ಅವರು ನಕ್ಕು, ‘ಇರ್ತೀನಿ ಮೇಷ್ಟ್ರೇ. ಆದರೆ ಗಾಡಿ ಎತ್ತೋದು ನಾನು ಹೇಳಿದ ಹಾಗೆ. ಜಾಕ್ ನಂಬಿ ಕೆಳಗೆ ನುಗ್ಗಿದವರನ್ನ ನಾನು ಆಸ್ಪತ್ರೆಗೆ ಹೊತ್ತಿದೀನಿ’ ಎಂದರು.

ಈ ಮಾತನ್ನು ಎಲ್ಲರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಜಾಕ್ ಇರುವುದು ಗಾಡಿಯನ್ನು ಎತ್ತಲು, ಹಿಡಿದು ನಿಲ್ಲಿಸಲು ಅಲ್ಲ. ಎತ್ತಿದ ಮೇಲೆ ಕಾರಿನ ಗಟ್ಟಿ ಭಾಗದ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಕೊಡಲೇಬೇಕು. ಇಟ್ಟಿಗೆ, ಹಾಲೋ ಬ್ಲಾಕುಗಳ ಮಾತೇ ಬೇಡ; ಅವು ಮುನ್ಸೂಚನೆ ಇಲ್ಲದೆ ಬಿರಿಯುತ್ತವೆ. ಮಾರುತಿಯಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು, ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಮುಂದಿನ ಚಕ್ರ ಎತ್ತಿದರೆ ಗೇರಿನಲ್ಲಿ ಬಿಟ್ಟಿದ್ದೂ ಉಪಯೋಗವಿಲ್ಲ. ಹಾಗಾಗಿ ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟೆವು. ಚಕ್ರದ ನಾಲ್ಕು ನಟ್ಟುಗಳನ್ನು ಗಾಡಿ ನೆಲದ ಮೇಲಿದ್ದಾಗಲೇ ಅರ್ಧ ಸುತ್ತು ಸಡಿಲ ಮಾಡಿ, ಆಮೇಲೆ ಎತ್ತಿದೆವು. ಮಗಳಿಗೆ ಗಡಿಗೆರೆ ಹಾಕಿದ್ದೆ: ಗಾಡಿ ಮೇಲಿದ್ದಷ್ಟು ಹೊತ್ತು ಅವಳ ಮೈಯ ಯಾವ ಭಾಗವೂ ಗಾಡಿಯ ಕೆಳಗೆ ಹೋಗಕೂಡದು.

ತಂತಿಯ ತುಂಡು

ಚಕ್ರ ಕಳಚಿ, ಕೀಲಿನ ಮೇಲಿನ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಆಗ ಕಂಡದ್ದು ನೋಡಿ ನನ್ನ ಕೈ ಹಾಗೇ ನಿಂತಿತು.

ಕೀಲಿನ ಗುಂಡಿನಿಂದ ಒಂದು ಕಡ್ಡಿ ಹೊರಟು, ಸ್ಟೇರಿಂಗ್ ಆರ್ಮಿನ ಕಣ್ಣಿನೊಳಗೆ ತೂರಿ ಆಚೆ ಬರುತ್ತದೆ. ಆಚೆ ಬದಿಯಲ್ಲಿ ಒಂದು ನಟ್ಟು. ಅದು ಸಾಮಾನ್ಯ ನಟ್ಟಲ್ಲ. ಕೋಟೆಯ ತೆನೆಯಂತೆ ತಲೆಯಲ್ಲಿ ಗಾಡಿಗಳಿರುವ ನಟ್ಟು. ಕಡ್ಡಿಯಲ್ಲಿ ಅಡ್ಡಲಾಗಿ ಒಂದು ತೂತು. ನಟ್ಟಿನ ಗಾಡಿಯೂ ಕಡ್ಡಿಯ ತೂತೂ ಒಂದೇ ನೇರಕ್ಕೆ ಬಂದಾಗ ಅದರೊಳಗೆ ಎರಡು ಕಾಲಿನ ‘ಸ್ಪ್ಲಿಟ್ ಪಿನ್’ ತೂರಿಸಿ, ಕಾಲುಗಳನ್ನು ಅಗಲಿಸಿ ಮಡಿಸಬೇಕು. ಪಿನ್ನು ಇರುವ ತನಕ ಗಾಡಿ ಎಷ್ಟೇ ಅದುರಿದರೂ ನಟ್ಟು ತಿರುಗಿ ಕಳಚಿಕೊಳ್ಳಲಾರದು.

ನಮ್ಮ ಕಾರಿನಲ್ಲಿ ಆ ತೂತಿನಲ್ಲಿ ಪಿನ್ನು ಇರಲಿಲ್ಲ. ಕಟ್ಟಡದ ಕಂಬಿ ಕಟ್ಟುವ ತೆಳು ತಂತಿಯ ಒಂದು ತುಂಡು ಇತ್ತು. ಅದೂ ತುಕ್ಕು ಹಿಡಿದು ಒಂದು ಕಡೆ ತುಂಡಾಗಿತ್ತು. ನಟ್ಟು ಬೆರಳಲ್ಲಿ ತಿರುಗುತ್ತಿತ್ತು. ಅದು ತನ್ನ ಜಾಗದಿಂದ ಒಂದೂವರೆ ಸುತ್ತಿನಷ್ಟು ಹಿಂದೆ ಬಂದಿತ್ತು.

ಕೆಲವು ವರ್ಷಗಳ ಹಿಂದೆ ಆ ಕೀಲನ್ನು ಒಂದು ಕಡೆ ಹಾಕಿಸಿದ್ದೆ. ಎಲ್ಲಿ ಎಂಬುದು ಇಲ್ಲಿ ಮುಖ್ಯವಲ್ಲ. ಆವತ್ತು ಪಿನ್ನು ಕೈಗೆ ಸಿಗದೆ ಯಾರೋ ಹುಡುಗ ತಂತಿ ಸುತ್ತಿರಬೇಕು. ನಾನು ಹೊರಗೆ ಕುರ್ಚಿಯ ಮೇಲೆ ಪೇಪರ್ ಓದುತ್ತ ಕುಳಿತಿದ್ದೆ; ದುಡ್ಡು ಕೊಟ್ಟು ಬಂದೆ; ಬಗ್ಗಿ ನೋಡಲಿಲ್ಲ. ತರಗತಿಯಲ್ಲಿ ‘ಕಣ್ಣಾರೆ ನೋಡದೆ ನಂಬಬೇಡಿ’ ಎಂದು ಮಕ್ಕಳಿಗೆ ಹೇಳುವ ಮೇಷ್ಟ್ರು ನಾನು!

ಆ ಹಿಂದಿನ ಭಾನುವಾರವಷ್ಟೇ ನಾವು ಮೂವರೂ, ಜೊತೆಗೆ ನನ್ನ ವಯಸ್ಸಾದ ತಾಯಿಯೂ, ಚಾಮುಂಡಿಬೆಟ್ಟಕ್ಕೆ ಹೋಗಿ ಬಂದಿದ್ದೆವು. ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರ. ಇಳಿಜಾರಿನ ಆ ತಿರುವುಗಳಲ್ಲೆಲ್ಲ ಬಲ ಚಕ್ರವನ್ನು ಹಿಡಿದಿದ್ದದ್ದು ಏನು? ನಟ್ಟಲ್ಲ, ತಂತಿಯಲ್ಲ. ಕೇವಲ ಘರ್ಷಣೆ. ಹೇಗೆಂದು ಮುಂದೆ ಹೇಳುತ್ತೇನೆ. ಆ ಘರ್ಷಣೆಯೂ ಸೋತು ಕೀಲು ಕಳಚಿದ್ದರೆ, ಎಡ ಚಕ್ರ ಒಂದು ಕಡೆ, ಬಲ ಚಕ್ರ ತನಗೆ ಬೇಕಾದ ಕಡೆ. ಕೈಯಲ್ಲಿ ಸ್ಟೇರಿಂಗ್ ಇದ್ದರೂ ಇಲ್ಲದಂತೆಯೇ.

ಒಳಗಿನಿಂದ ಬಂದ ಮನೆಯಾಕೆಗೆ ತಂತಿ ತೋರಿಸಿದೆ. ‘ರೀ, ಹೋದ ವರ್ಷ ಇದೇ ಚಕ್ರಕ್ಕೆ ಅಲ್ವೇನ್ರೀ ನಿಂಬೆಹಣ್ಣು ಇಟ್ಟಿದ್ದು?’ ಎಂದು ಅವಳು ಕೇಳಿದಳು. ನನಗೆ ಉತ್ತರ ತೋಚಲಿಲ್ಲ.

ಅಂಟಿಕೊಂಡ ಮುಚ್ಚಳ

ನಟ್ಟು ಸಡಿಲವಿದ್ದರೂ ಕೀಲು ಬಿದ್ದಿರಲಿಲ್ಲ, ಯಾಕೆ? ಕಡ್ಡಿ ಸಿಲಿಂಡರಿನ ಆಕಾರದ್ದಲ್ಲ. ಶಂಕುವಿನಂತೆ ಸ್ವಲ್ಪ ಸ್ವಲ್ಪವೇ ಸಣ್ಣದಾಗುತ್ತ ಹೋಗುತ್ತದೆ. ಆರ್ಮಿನ ಕಣ್ಣೂ ಹಾಗೆಯೇ. ನಟ್ಟು ಬಿಗಿದಾಗ ಶಂಕು ಕಣ್ಣಿನೊಳಗೆ ಬೆಣೆಯಂತೆ ಕೂತುಬಿಡುತ್ತದೆ. ಇಳಿಜಾರು ಕಡಿಮೆ, ಘರ್ಷಣೆ ಹೆಚ್ಚು. ಆದ್ದರಿಂದ ನಟ್ಟು ತೆಗೆದರೂ ಬೆಣೆ ಬಿಡುವುದಿಲ್ಲ. ನಮ್ಮನ್ನು ಬೆಟ್ಟದಿಂದ ಇಳಿಸಿದ್ದು ಈ ಬೆಣೆ.

ಈಗ ಅದೇ ಬೆಣೆಯನ್ನು ಬಿಡಿಸಬೇಕಿತ್ತು. ನಾನು ಸುತ್ತಿಗೆ ಎತ್ತಿ ಕಡ್ಡಿಯ ತುದಿಗೆ ಹೊಡೆಯಲು ಹೊರಟೆ. ಹಿರಿಯರು ಕೈ ಹಿಡಿದರು. ‘ಅಲ್ಲಿ ಹೊಡೆದರೆ ಥ್ರೆಡ್ ಹಾಳಾಗುತ್ತೆ, ಅದು ಬಿಡೋದೂ ಇಲ್ಲ. ಕಣ್ಣಿನ ಪಕ್ಕಕ್ಕೆ ಹೊಡೀರಿ.’ ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಹಾಗೇ ಬಿಟ್ಟು, ಕಣ್ಣಿನ ಒಂದು ಪಕ್ಕಕ್ಕೆ ಭಾರವಾದ ಸುತ್ತಿಗೆಯನ್ನು ಒತ್ತಿ ಹಿಡಿದರು. ಇನ್ನೊಂದು ಪಕ್ಕಕ್ಕೆ ನಾನು ಹೊಡೆದೆ. ಮೂರನೇ ಏಟಿಗೆ ‘ಠಣ್’ ಎಂದು ಕೀಲು ಕಳಚಿ, ನಟ್ಟಿನ ಮೇಲೆ ನಿಂತಿತು.

ಇದರ ಗುಟ್ಟು ನಮ್ಮ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲೇ ಇದೆ. ಆಮ್ಲದ ಸೀಸೆಯ ಗಾಜಿನ ಮುಚ್ಚಳ ಅಂಟಿಕೊಂಡರೆ ನಾವು ಎಳೆದಾಡುವುದಿಲ್ಲ. ಸೀಸೆಯ ಕತ್ತಿನ ಪಕ್ಕಕ್ಕೆ ಮರದ ತುಂಡಿನಿಂದ ಮೆಲ್ಲಗೆ ತಟ್ಟುತ್ತೇವೆ. ಅಲ್ಲಿರುವುದೂ ಶಂಕುವೇ. ಪಕ್ಕದ ಏಟಿಗೆ ಕಣ್ಣು ಕ್ಷಣಮಾತ್ರ ಕೂದಲೆಳೆಯಷ್ಟು ಆಕಾರ ಬದಲಿಸುತ್ತದೆ, ಹಿಡಿತ ತಪ್ಪುತ್ತದೆ. ಬಸ್ ಡಿಪೋದಲ್ಲಿ ಕಲಿತದ್ದೂ ಶಾಲೆಯಲ್ಲಿ ಕಲಿತದ್ದೂ ಒಂದೇ ನಿಯಮವೆಂದು ಆ ಹೊತ್ತಿಗೆ ಹೊಳೆಯಿತು. ಸುತ್ತಿಗೆ ಒಗ್ಗದವರಿಗೆ ಪುಲ್ಲರ್ ಎಂಬ ಸಾಧನ ಸಿಗುತ್ತದೆ. ಅದು ತಿರುಪಿನ ಬಲದಿಂದ ಒತ್ತಿ ಬಿಡಿಸುತ್ತದೆ. ಹೇಗೆ ಮಾಡಿದರೂ ಕಣ್ಣಿಗೆ ಕನ್ನಡಕ ಇರಲಿ, ತುಕ್ಕಿನ ಚೂರು ಹಾರುತ್ತದೆ.

ಮಗಳ ಪ್ರಶ್ನೆ

ಟೈ ರಾಡ್ ಎಂಡ್ ರಾಡಿಗೆ ಸೇರುವುದು ತಿರುಪಿನಿಂದ. ಹಿಂದೆ ಒಂದು ಲಾಕ್ ನಟ್ ಇರುತ್ತದೆ. ಲಾಕ್ ನಟ್ ಸಡಿಲಿಸಿ, ಹಳೆಯ ಕೀಲನ್ನು ತಿರುಗಿಸಿ ತೆಗೆಯಬೇಕು. ಎಷ್ಟು ಸುತ್ತಿಗೆ ಹೊರಬಂತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಬೇಕು ಎಂಬುದು ಎಲ್ಲರೂ ಹೇಳುವ ಮಾತು. ನಾನೂ ಗಟ್ಟಿಯಾಗಿ ಎಣಿಸಿದೆ, ಹದಿನಾಲ್ಕು ಸುತ್ತು.

ಆಗ ಮಗಳು ಕೇಳಿದಳು: ‘ಅಪ್ಪಾ, ಹಳೇದೂ ಹೊಸದೂ ಒಂದೇ ಉದ್ದ ಇದೆ ಅಂತ ನಿಮಗೆ ಹೇಗೆ ಗೊತ್ತು?’

ಎರಡನ್ನೂ ಪಕ್ಕಪಕ್ಕ ಇಟ್ಟೆವು. ಬೇರೆ ತಯಾರಕರದಾದ ಹೊಸ ಕೀಲು 2 ಮಿ.ಮೀ. ಗಿಡ್ಡ! ಸುತ್ತು ಎಣಿಸಿದ್ದರೆ ರಾಡು ಅಷ್ಟು ಗಿಡ್ಡವಾಗುತ್ತಿತ್ತು. ಎಣಿಕೆಯ ವಿಧಾನ ‘ಎರಡು ಬಿಡಿಭಾಗಗಳೂ ಒಂದೇ ಅಳತೆ’ ಎಂಬ ಊಹೆಯ ಮೇಲೆ ನಿಂತಿತ್ತು. ಆ ಊಹೆಯನ್ನು ನಾನು ಪರೀಕ್ಷಿಸಿರಲಿಲ್ಲ. ಅದೃಷ್ಟಕ್ಕೆ ಬಿಚ್ಚುವ ಮೊದಲೇ ಕಡ್ಡಿಯ ನಡುವಿನಿಂದ ರಾಡಿನ ಮೇಲಿನ ಒಂದು ಬಣ್ಣದ ಗುರುತಿನವರೆಗೆ ಅಳತೆ ಬರೆದಿಟ್ಟುಕೊಂಡಿದ್ದೆವು. ಎಣಿಕೆ ಬಿಟ್ಟು ಆ ಅಳತೆಗೇ ಹೊಸ ಕೀಲನ್ನು ಕೂರಿಸಿದೆವು.

2 ಮಿ.ಮೀ. ಅಷ್ಟು ದೊಡ್ಡದೇ? ಲೆಕ್ಕ ಮಾಡೋಣ. ಸ್ಟೇರಿಂಗ್ ಆರ್ಮಿನ ಉದ್ದ 125 ಮಿ.ಮೀ. ಎಂದಿಟ್ಟುಕೊಳ್ಳಿ. ರಾಡಿನ ಉದ್ದ 2 ಮಿ.ಮೀ. ತಪ್ಪಿದರೆ ಚಕ್ರ 2÷125, ಅಂದರೆ 0.016 ರೇಡಿಯನ್, ಸುಮಾರು 0.9 ಡಿಗ್ರಿ ವಾರೆಯಾಗುತ್ತದೆ. ಕಣ್ಣಿಗೆ ಕಾಣುವುದೇ ಕಷ್ಟ. ಆದರೆ ಕಾರು ಒಂದು ಕಿ.ಮೀ. ನೇರ ಹೋದಾಗ 1,000×0.016, ಅಂದರೆ 16 ಮೀಟರಿನಷ್ಟು ಅಡ್ಡ ಉಜ್ಜಾಟವನ್ನು ಮುಂದಿನ ಎರಡು ಟಯರುಗಳೂ ಹಂಚಿಕೊಂಡು ಅನುಭವಿಸಬೇಕು. ಚಾಮರಾಜಪುರಂನಿಂದ ನಂಜನಗೂಡಿಗೆ ಹೋಗಿಬಂದರೆ ಎಷ್ಟಾಯಿತೆಂದು ನೀವೇ ಗುಣಿಸಿ. ಮಗಳು ಮೊದಲ ದಿನ ತೋರಿಸಿದ ಬೋಳು ಅಂಚಿಗೆ ಕಾರಣ ಇದೇ ಬಗೆಯ ವಾರೆ.

ಮುಂದಿನ ಚಕ್ರಗಳ ಕೋನದ ಈ ಸೂಕ್ಷ್ಮ ಮೋಟಾರು ಬರುವುದಕ್ಕಿಂತ ಹಳೆಯದು. ತಿರುವಿನಲ್ಲಿ ಒಳಗಿನ ಚಕ್ರ ಸಣ್ಣ ವೃತ್ತದಲ್ಲಿ, ಹೊರಗಿನದು ದೊಡ್ಡ ವೃತ್ತದಲ್ಲಿ ಹೋಗುವುದರಿಂದ ಎರಡೂ ಒಂದೇ ಕೋನದಲ್ಲಿ ತಿರುಗಿದರೆ ಒಂದು ಉಜ್ಜಿಕೊಳ್ಳುತ್ತದೆ. ನಮ್ಮ ಮಾರುತಿಯಲ್ಲಿ ಮುಂದಿನ ಹಿಂದಿನ ಚಕ್ರಗಳ ಅಂತರ 2,175 ಮಿ.ಮೀ. ಬಿಗಿಯಾದ ತಿರುವಿನಲ್ಲಿ ಒಳಚಕ್ರ 36 ಡಿಗ್ರಿ ತಿರುಗಿದರೆ ಹೊರಚಕ್ರ ಸುಮಾರು 27 ಡಿಗ್ರಿ ಸಾಕು. ಕುದುರೆಗಾಡಿಗಳಿಗೆ ಈ ಏರ್ಪಾಡು ರೂಪಿಸಿದವನು ಮ್ಯೂನಿಕ್ಕಿನ ಗಾಡಿ ತಯಾರಕ ಗಿಯಾರ್ಗ್ ಲಾಂಕೆನ್‌ಸ್ಪೆರ್ಗರ್. 1818ರಲ್ಲಿ ಲಂಡನ್ನಿನಲ್ಲಿ ಅದರ ಪೇಟೆಂಟ್ ಪಡೆದವನು ಅವನ ಪ್ರತಿನಿಧಿ ರುಡಾಲ್ಫ್ ಆಕರ್‌ಮನ್. ಕಂಡುಹಿಡಿದವನ ಹೆಸರು ಮರೆತು, ಇವತ್ತಿಗೂ ಇದನ್ನು ‘ಆಕರ್‌ಮನ್ ಸ್ಟೇರಿಂಗ್’ ಎಂದೇ ಕರೆಯುತ್ತಾರೆ.

ಹೊಸ ಕೀಲಿನ ಶಂಕುವನ್ನೂ ಕಣ್ಣನ್ನೂ ಒರೆಸಿ (ಅಲ್ಲಿ ಗ್ರೀಸು ಹಚ್ಚಬಾರದು, ಘರ್ಷಣೆಯೇ ಅಲ್ಲಿನ ಬಲ), ನಟ್ಟನ್ನು ಕಾರಿನ ಕೈಪಿಡಿ ಹೇಳುವಷ್ಟು ಬಿಗಿದೆವು. ತೂತೂ ನಟ್ಟಿನ ಗಾಡಿಯೂ ನೇರವಾಗಲಿಲ್ಲ. ‘ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಆಯ್ತಲ್ಲ?’ ಎಂದೆ. ‘ಹಿಂದಕ್ಕೆ ಎಂದೂ ಬೇಡ ಮೇಷ್ಟ್ರೇ, ಮುಂದಿನ ಗಾಡಿಗೆ ಬಿಗೀರಿ’ ಎಂದರು ಹಿರಿಯರು. ಸಡಿಲಿಸಿದರೆ ಬೆಣೆಯೂ ಸಡಿಲ ತಾನೆ? ಮುಂದಕ್ಕೆ ಬಿಗಿದು, ಹೊಸ ಸ್ಪ್ಲಿಟ್ ಪಿನ್ ತೂರಿಸಿ, ಕಾಲು ಮಡಿಸಿದೆ. ಒಮ್ಮೆ ಮಡಿಸಿದ ಪಿನ್ನನ್ನು ಮತ್ತೆ ಬಳಸಬಾರದು. ಮಡಿಸಿ ಬಿಡಿಸಿದ ಲೋಹ ಸುಲಭವಾಗಿ ಮುರಿಯುತ್ತದೆ. ಲಾಕ್ ನಟ್ಟನ್ನೂ ಬಿಗಿದು, ಚಕ್ರ ಹಾಕಿ, ಗಾಡಿ ಇಳಿಸಿ, ನಾಲ್ಕು ನಟ್ಟುಗಳನ್ನು ಎದುರುಬದುರಾಗಿ ಬಿಗಿದೆವು.

ಮತ್ತೆ ಸ್ಕೇಲು ಹಿಡಿದೆವು. ಎಡಕ್ಕೆ 20, ಬಲಕ್ಕೆ 21 ಮಿ.ಮೀ. ಮಗಳ ಮುಖ ಅರಳಿತು.

ಮನೆಯಲ್ಲಿ ಎಷ್ಟು, ಗ್ಯಾರೇಜಿನಲ್ಲಿ ಎಷ್ಟು?

ಅಲ್ಲಿಗೆ ಕೆಲಸ ಮುಗಿಯಲಿಲ್ಲ. ನಮ್ಮ ಸ್ಕೇಲಿನ ಅಳತೆ ಕಾರನ್ನು ವೀಲ್ ಅಲೈನ್‌ಮೆಂಟ್ ಅಂಗಡಿಯವರೆಗೆ ನಿಧಾನವಾಗಿ ಓಡಿಸಿಕೊಂಡು ಹೋಗಲು ಸಾಕು, ವರ್ಷವಿಡೀ ಓಡಿಸಲು ಸಾಲದು. ಮರುದಿನವೇ ಹೋದೆ. ಯಂತ್ರ ತೋರಿಸಿದ ಸಣ್ಣ ವ್ಯತ್ಯಾಸವನ್ನು ಸರಿಪಡಿಸಿದರು. ಹೊರಡುವ ಮೊದಲು ಲಾಕ್ ನಟ್ ಬಿಗಿದಿದ್ದಾರೆಯೇ ಎಂದು ಈ ಸಲ ಬಗ್ಗಿ ನೋಡಿದೆ.

ಕೆಲವು ಕೆಲಸಗಳನ್ನು ಮನೆಯಲ್ಲಿ ಮುಟ್ಟಲೇಬಾರದು. ಸ್ಟೇರಿಂಗ್ ಪೆಟ್ಟಿಗೆ ಬಿಚ್ಚುವುದು, ಕಂಬಕ್ಕೆ ಕೈ ಹಾಕುವುದು, ಏರ್‌ಬ್ಯಾಗ್ ಅಥವಾ ವಿದ್ಯುತ್ ಸ್ಟೇರಿಂಗ್ ಇರುವ ಹೊಸ ಕಾರುಗಳ ಸ್ಟೇರಿಂಗ್ ಚಕ್ರ ಕಳಚುವುದು ಪರಿಣತರ ಕೆಲಸ. ಬಾಗಿದ ಟೈ ರಾಡನ್ನು ಕಾಯಿಸಿ ನೇರ ಮಾಡುವುದು, ವೆಲ್ಡಿಂಗ್ ಮಾಡುವುದು ಯಾರು ಮಾಡಿದರೂ ತಪ್ಪು. ಬಿಸಿ ತಾಗಿದ ಉಕ್ಕು ತನ್ನ ಗುಣವನ್ನೇ ಬದಲಿಸುತ್ತದೆ. ಬದಲಾಯಿಸುವುದೊಂದೇ ದಾರಿ. ಜೊತೆಗೆ ಅನುಭವಿಯೊಬ್ಬರಿಲ್ಲದೆ ಮೊದಲ ಸಲ ಈ ಕೆಲಸಕ್ಕೆ ಇಳಿಯಬೇಡಿ. ನಾನೂ ಇಳಿಯುತ್ತಿರಲಿಲ್ಲ.

ಆದರೆ ಪರೀಕ್ಷಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ಸ್ಕೇಲು ಹಿಡಿದು ಆಟ ಅಳೆಯಿರಿ. ಕೀಲಿನ ರಬ್ಬರು ಹರಿದಿದೆಯೇ ನೋಡಿ. ಗ್ಯಾರೇಜಿನಲ್ಲಿ ಸ್ಟೇರಿಂಗ್ ಕೆಲಸ ಮಾಡಿಸಿದರೆ ಚಕ್ರ ಹಾಕುವ ಮೊದಲು ‘ಪಿನ್ನು ತೋರಿಸಪ್ಪ’ ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಪಟ್ಟುಕೊಳ್ಳುವುದಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೆಯದು ಸ್ಟೇರಿಂಗಿಗೆ ಸಂಬಂಧಿಸಿದ್ದು. ಅದು ಆಟ 30 ಡಿಗ್ರಿ ಮೀರಬಾರದೆನ್ನುತ್ತದೆ. ಕೀಲುಗಳಿಗೆ ರಬ್ಬರು ಟೋಪಿ ಇರಬೇಕು, ಬೋಲ್ಟು ಪಿನ್ನುಗಳು ಕಳಚದಂತೆ ಬಂಧಿಸಿರಬೇಕು ಎಂದೂ ಹೇಳುತ್ತದೆ. ನಮ್ಮ 38 ಸೆಂ.ಮೀ. ಸ್ಟೇರಿಂಗಿನಲ್ಲಿ 30 ಡಿಗ್ರಿ ಎಂದರೆ ಅಂಚಿನಲ್ಲಿ ಸುಮಾರು 100 ಮಿ.ಮೀ. ನಮ್ಮ 58 ಮಿ.ಮೀ. ಎಂದರೆ 17.5 ಡಿಗ್ರಿ. ಆಟದ ಲೆಕ್ಕದಲ್ಲಿ ನಮ್ಮ ಕಾರು ಪಾಸು. ಆದರೆ ಅದೇ ನಿಯಮದ ಇನ್ನೆರಡು ಮಾತುಗಳಲ್ಲಿ ನಪಾಸು! ಒಂದು ಸಂಖ್ಯೆ ಮಿತಿಯೊಳಗಿದೆ ಎಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ಸಂಖ್ಯೆ ನಮ್ಮನ್ನು ಬಗ್ಗಿ ನೋಡುವಂತೆ ಮಾಡಬೇಕು, ಅಷ್ಟೇ ಅದರ ಕೆಲಸ. ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕೆಂಬ ಕಾನೂನಿನಂತೆ ನಾವೂ 2024ರಲ್ಲಿ ಮತ್ತೆ ಮಾಡಿಸಿದೆವು. ಆದರೆ ಐದು ವರ್ಷಗಳ ನಡುವೆ ಆ ಕೀಲನ್ನು ನೋಡಬೇಕಾದವರು ನಾವೇ.

ಆ ವರ್ಷದ ಆಯುಧಪೂಜೆಯ ದಿನ ಕಾರಿಗೆ ಎಂದಿನಂತೆ ಅರಿಶಿನ ಕುಂಕುಮ ಹಚ್ಚಿದೆವು, ಚೆಂಡುಹೂವಿನ ಹಾರ ಹಾಕಿದೆವು. ನಿಂಬೆಹಣ್ಣು ಇಡುವ ಮೊದಲು ಮಗಳು ಟಾರ್ಚ್ ಹಿಡಿದು, ನೆಲದ ಮೇಲೆ ನಿಂತಿದ್ದ ಕಾರಿನ ಎರಡು ಚಕ್ರಗಳ ಹಿಂದೆಯೂ ಇಣುಕಿ ನೋಡಿ, ‘ಎರಡೂ ಪಿನ್ನು ಇದೆ ಅಪ್ಪಾ’ ಎಂದಳು. ಈಗ ಪಿಯುಸಿ ಓದುತ್ತಿದ್ದಾಳೆ. ಆ ಪದ್ಧತಿ ಬಿಟ್ಟಿಲ್ಲ. ವರ್ಷಕ್ಕೊಮ್ಮೆ ಚಕ್ರದ ಮುಂದೆ ಕೂರುವ ದಿನ ನಮ್ಮೆಲ್ಲರ ಮನೆಯಲ್ಲೂ ಇದ್ದೇ ಇದೆ. ಹೇಗೂ ಕೂತಿರುತ್ತೀರಿ, ಸ್ವಲ್ಪ ಬಗ್ಗಿ ನೋಡಿ.

ತುಕ್ಕು ಹಿಡಿದ ಆ ತಂತಿಯ ತುಂಡನ್ನು ನಾನು ಎಸೆದಿಲ್ಲ. ಶಾಲೆಯ ಪ್ರಯೋಗಶಾಲೆಯ ಬೀರುವಿನಲ್ಲಿ, ಒಂದು ಹೊಸ ಸ್ಪ್ಲಿಟ್ ಪಿನ್ನಿನ ಪಕ್ಕದಲ್ಲಿ ಇಟ್ಟಿದ್ದೇನೆ. ಘರ್ಷಣೆಯ ಪಾಠ ಬಂದಾಗ ಎರಡನ್ನೂ ಮಕ್ಕಳ ಕೈಗೆ ಕೊಡುತ್ತೇನೆ.